ಯಾವ ಪುಸ್ತಕ ಹಿಡಿಯಲಿ? ಅಮೂರ್ತ ಬೀಜಗಣಿತವನ್ನು ಒಬ್ಬರೇ ಕಲಿಯುವವರ ಜೊತೆ ಒಂದಿಷ್ಟು ಮಾತು

(ಇದು ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಾಡುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ನಿಮಗೆಲ್ಲ ಒಂದೊಂದು ಕಾಗದದ ತ್ರಿಭುಜ ಕೊಟ್ಟಿದ್ದೇವೆ. ಮೂರೂ ಬದಿ ಸಮ. ಮೂಲೆಗಳಲ್ಲಿ ಅ, ಬ, ಕ ಅಂತ ಬರೆದಿದೆ. ಹಿಂಬದಿಯಲ್ಲೂ ಅದೇ ಮೂಲೆಗೆ ಅದೇ ಅಕ್ಷರ. ಇವತ್ತಿನ ಮಾತು ಮುಗಿಯುವ ತನಕ ಅದು ನಿಮ್ಮ ಕೈಯಲ್ಲೇ ಇರಲಿ. ಇದನ್ನು ಓದುತ್ತಿರುವವರು ಒಂದು ಕಾಗದ ಕತ್ತರಿಸಿಕೊಂಡು ಕೂತರೆ ಒಳ್ಳೆಯದು.

ಅ ಮೇಲೆ, ಬ ಬಲಕ್ಕೆ, ಕ ಎಡಕ್ಕೆ ಬರುವ ಹಾಗೆ ಅದನ್ನು ಮುಂದಿಟ್ಟುಕೊಳ್ಳಿ. ಈಗ ಎರಡು ಕೆಲಸ. ಮೊದಲನೆಯದು, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಒಂದು ಮೂಲೆಯಷ್ಟು ತಿರುಗಿಸುವುದು. ಇದನ್ನು 'ತಿ' ಅನ್ನೋಣ. ಎರಡನೆಯದು, ಮೇಲಿನ ಮೂಲೆ ಇದ್ದಲ್ಲೇ ಇದ್ದು, ಎಡ ಬಲ ಅದಲುಬದಲಾಗುವ ಹಾಗೆ ಮಗುಚುವುದು. ಇದು 'ಮ'. ಮೊದಲು ತಿ, ಆಮೇಲೆ ಮ ಮಾಡಿ ನೋಡಿ. ಮೇಲೆ ಕ ಬಂತು ಅಲ್ವಾ? ಈಗ ಮೊದಲಿನ ಹಾಗೆ ಇಟ್ಟು, ಈ ಸಲ ಮೊದಲು ಮ, ಆಮೇಲೆ ತಿ. ಮೇಲೆ ಬ ಬಂತು. ಮಾಡಿದ್ದು ಅವೇ ಎರಡು ಕೆಲಸ. ಕ್ರಮ ಬದಲಾಯಿತು, ಫಲವೂ ಬದಲಾಯಿತು.

ತ್ರಿಭುಜ ತನ್ನ ಜಾಗದಲ್ಲೇ ಸರಿಯಾಗಿ ಕೂರುವಂಥ ಕೆಲಸಗಳು ಒಟ್ಟು 6 ಇವೆ. ಏನೂ ಮಾಡದೆ ಬಿಡುವುದೂ ಅದರಲ್ಲಿ ಒಂದು. ಈಗ ಇದರ ಪಕ್ಕದಲ್ಲಿ ಇನ್ನೊಂದನ್ನು ಇಡೋಣ. 0, 1, 2, 3, 4, 5 ಎಂಬ ಆರು ಸಂಖ್ಯೆಗಳು. ಎರಡನ್ನು ಕೂಡಿಸಿ, 6ರಿಂದ ಭಾಗಿಸಿ, ಶೇಷ ಇಟ್ಟುಕೊಳ್ಳುವುದು. 4 ಮತ್ತು 5 ಕೂಡಿದರೆ 9, ಶೇಷ 3. ಇಲ್ಲೂ ಆರೇ ಇವೆ. ಆದರೆ ಇಲ್ಲಿ 4ಕ್ಕೆ 5 ಕೂಡಿಸಿದರೂ 5ಕ್ಕೆ 4 ಕೂಡಿಸಿದರೂ ಒಂದೇ. ತ್ರಿಭುಜದಲ್ಲಿ ಹಾಗಿಲ್ಲ. ಎಣಿಕೆ ಒಂದೇ, ಕಟ್ಟು ಬೇರೆ. ಈ ಕಟ್ಟನ್ನು ನೋಡುವ ಗಣಿತವೇ ಅಮೂರ್ತ ಬೀಜಗಣಿತ. ಈಗ ನೋಡಿದ ಎರಡೂ 'ಗ್ರೂಪ್'ಗಳು. ಮುಂದೆ ರಿಂಗ್ (ಕೂಡುವುದು, ಗುಣಿಸುವುದು ಎರಡೂ ಇರುವ ಕಟ್ಟು), ಫೀಲ್ಡ್ (ಸೊನ್ನೆ ಬಿಟ್ಟು ಉಳಿದವುಗಳಿಂದ ಭಾಗಿಸಲೂ ಬರುವ ಕಟ್ಟು) ಅಂತ ಬೇರೆ ಬೇರೆ ಕಟ್ಟುಗಳು ಬರುತ್ತವೆ.

ಇದನ್ನು ಒಬ್ಬರೇ ಕಲಿಯಲು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಯಾವ ಪುಸ್ತಕ ತಗೊಳ್ಳಲಿ?" ಇದಕ್ಕೆ ಒಂದು ಹೆಸರು ಹೇಳಿ ಕಳಿಸಬಹುದು. ಹಿಂದೆ ಹಾಗೇ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಶುರು ಮಾಡಿದ್ದು ಒಂದು ದಪ್ಪ ಪುಸ್ತಕದಿಂದ. ಎಲ್ಲರೂ ಹೊಗಳುತ್ತಿದ್ದ ಪುಸ್ತಕ, ಹೊಗಳಿಕೆ ಸುಳ್ಳೂ ಅಲ್ಲ. ದಿನಾ ರಾತ್ರಿ ಕೂತು ನಾಲ್ಕು ಪುಟ ಓದುತ್ತಿದ್ದೆ. ಪ್ರತಿ ಸಾಲೂ ಅರ್ಥವಾಗುತ್ತಿತ್ತು. ಪ್ರಮೇಯದ ಸಾಧನೆ ಓದಿದರೆ ಹೌದು, ಸರಿ ಅನ್ನಿಸುತ್ತಿತ್ತು. ಅಭ್ಯಾಸದ ಲೆಕ್ಕಗಳನ್ನು ಆಮೇಲೆ ನೋಡೋಣ ಅಂತ ಬಿಟ್ಟು ಮುಂದಕ್ಕೆ ಹೋಗುತ್ತಿದ್ದೆ. ಹೀಗೆ ಎರಡೂವರೆ ತಿಂಗಳು ನಡೆಯಿತು. ಆಮೇಲೆ 'ಕೋಶೆಂಟ್ ಗ್ರೂಪ್' ಎಂಬ ಅಧ್ಯಾಯ ಬಂತು. ಅಲ್ಲಿ ಒಂದು ಪುಟವನ್ನು ವಾರಗಟ್ಟಲೆ ನೋಡಿದೆ. ಅಕ್ಷರ ಗೊತ್ತು, ಪದ ಗೊತ್ತು, ವಿಷಯ ಮಾತ್ರ ಒಳಗೆ ಇಳಿಯುತ್ತಿಲ್ಲ. ಪುಸ್ತಕ ಮುಚ್ಚಿಟ್ಟೆ. ಮತ್ತೆ ತೆರೆದದ್ದು ಎರಡು ವರ್ಷದ ಮೇಲೆ. ಆ ಎರಡು ವರ್ಷ ನನಗೆ ಇವತ್ತಿಗೂ ನೋವು ಕೊಡುತ್ತದೆ. ಈ ವಿಷಯ ನನ್ನ ಕೈಗೆ ಮೀರಿದ್ದು ಅಂತ ಅಷ್ಟು ದಿನ ನಂಬಿಕೊಂಡಿದ್ದೆನಲ್ಲ, ಅದಕ್ಕೆ. ಅದು ಸುಳ್ಳು ನಂಬಿಕೆ. ನಿಮ್ಮಲ್ಲಿ ಯಾರಿಗಾದರೂ ಅಂಥ ನಂಬಿಕೆ ಇದ್ದರೆ ಇವತ್ತು ಅದನ್ನು ತೆಗೆದುಹಾಕಬೇಕು ಅನ್ನುವುದೇ ನನ್ನ ಆಸೆ.

ಈ ವಿಷಯ ಒಬ್ಬರೇ ಓದುವವರಿಗೆ ಯಾಕೆ ಇಷ್ಟು ಕಷ್ಟ ಕೊಡುತ್ತದೆ? ಅದಕ್ಕೆ ಕಾರಣ ಇತಿಹಾಸದಲ್ಲಿದೆ.

ವರ್ಗ ಸಮೀಕರಣ ಬಿಡಿಸುವ ಸೂತ್ರ ನಿಮಗೆಲ್ಲ ಗೊತ್ತು. ಮೂರನೇ ಮತ್ತು ನಾಲ್ಕನೇ ಘಾತದ ಸಮೀಕರಣಗಳಿಗೂ ಸೂತ್ರ ಸಿಕ್ಕಿ, 1545ರಲ್ಲಿ ಕಾರ್ಡಾನೋ ಪುಸ್ತಕದಲ್ಲಿ ಅಚ್ಚಾಯಿತು. ಐದನೇ ಘಾತಕ್ಕೆ ಎಷ್ಟು ಹುಡುಕಿದರೂ ಸಿಗಲಿಲ್ಲ. 1770ರ ಹೊತ್ತಿಗೆ ಲಗ್ರಾಂಜ್, ಸಮೀಕರಣದ ಮೂಲಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೆ ಏನಾಗುತ್ತದೆ ಅಂತ ನೋಡಲು ಶುರು ಮಾಡಿದರು. 1824ರಲ್ಲಿ ಆಬೆಲ್, ಐದನೇ ಘಾತಕ್ಕೆ ಅಂಥ ಸಾಮಾನ್ಯ ಸೂತ್ರ ಇರಲು ಸಾಧ್ಯವೇ ಇಲ್ಲ ಅಂತ ತೋರಿಸಿದರು. ಯಾವ ಸಮೀಕರಣ ಬಿಡಿಸಬಹುದು, ಯಾವುದು ಆಗದು ಅನ್ನುವುದನ್ನು ಗ್ರೂಪ್‌ಗಳ ಮೂಲಕ ಹೇಳಿದವರು ಗ್ಯಾಲ್ವಾ. 1832ರಲ್ಲಿ ದ್ವಂದ್ವಯುದ್ಧದಲ್ಲಿ ಗುಂಡು ತಗುಲಿ ತೀರಿಕೊಂಡಾಗ ಅವರಿಗೆ ಬರೀ 20 ವರ್ಷ. ಅವರ ಬರಹ ಅಚ್ಚಾಗಿದ್ದು 1846ರಲ್ಲಿ. 1854ರಲ್ಲಿ ಕೇಲಿ ಗ್ರೂಪ್ ಅಂದರೇನು ಅಂತ ಅಮೂರ್ತವಾಗಿ ಬರೆದರು. 1921ರಲ್ಲಿ ಎಮ್ಮಿ ನೋದರ್ ರಿಂಗ್‌ಗಳ ಬಗ್ಗೆ ಬರೆದ ಪ್ರಬಂಧ ಇಡೀ ವಿಷಯದ ದಾರಿಯನ್ನೇ ಬದಲಿಸಿತು. ನೋದರ್ ಮತ್ತು ಎಮಿಲ್ ಆರ್ಟಿನ್ ಅವರ ಪಾಠಗಳನ್ನು ಆಧರಿಸಿ ವಾನ್ ಡರ್ ವಾರ್ಡನ್ ಎರಡು ಸಂಪುಟ ಬರೆದರು, 1930 ಮತ್ತು 1931ರಲ್ಲಿ. ಇವತ್ತಿನ ಪಠ್ಯಪುಸ್ತಕಗಳಲ್ಲಿ ಬಹಳಷ್ಟು ಆ ಪುಸ್ತಕದ ಮಕ್ಕಳು, ಮೊಮ್ಮಕ್ಕಳು.

ಇದರಿಂದ ಏನಾಯಿತು ನೋಡಿ. ಜನ ಲೆಕ್ಕ ಹಾಕಿ, ಸೋತು, ಮತ್ತೆ ಲೆಕ್ಕ ಹಾಕಿ, ಕೊನೆಗೆ ತಲುಪಿದ ಜಾಗ ಯಾವುದೋ ಅದು ಪಠ್ಯಪುಸ್ತಕದ ಮೊದಲ ಪುಟ ಆಯಿತು. "ಈ ನಾಲ್ಕು ನಿಯಮ ಪಾಲಿಸುವ ಗಣಕ್ಕೆ ಗ್ರೂಪ್ ಎನ್ನುತ್ತಾರೆ." ನಾಲ್ಕೇ ಯಾಕೆ, ಇವೇ ಯಾಕೆ? ಹೇಳುವುದಿಲ್ಲ. ತರಗತಿಯಲ್ಲಿ ಮೇಷ್ಟ್ರು ಇದ್ದರೆ ನಡುವೆ ನಿಂತು ಒಂದು ಉದಾಹರಣೆ ಕೊಡುತ್ತಾರೆ, ಬೋರ್ಡಿನ ಮೇಲೆ ಒಂದು ಪಟ್ಟಿ ಬರೆಯುತ್ತಾರೆ. ಒಬ್ಬರೇ ಓದುವವರಿಗೆ ಆ ಮೇಷ್ಟ್ರು ಇಲ್ಲ. ಹಾಗಾಗಿ ಪುಸ್ತಕ ಆರಿಸುವುದು ಅಂದರೆ ಆ ಮೇಷ್ಟ್ರ ಕೆಲಸದಲ್ಲಿ ಎಷ್ಟು ಪಾಲನ್ನು ಪುಸ್ತಕ ಮಾಡುತ್ತದೆ ಅಂತ ನೋಡುವುದು. ಉಳಿದ ಪಾಲು ನಿಮ್ಮದು.

ಪುಸ್ತಕಕ್ಕೆ ಕೈ ಹಾಕುವ ಮೊದಲು ಒಂದು ಸಣ್ಣ ಪರೀಕ್ಷೆ. ಗ್ರೂಪಿನಲ್ಲಿ ಒಂದು ವಿಶೇಷ ಸದಸ್ಯ ಇರುತ್ತದೆ. ಯಾವುದರ ಜೊತೆ ಸೇರಿಸಿದರೂ ಅದನ್ನು ಬದಲಿಸದೆ ಬಿಡುವಂಥದ್ದು. ಕೂಡುವುದರಲ್ಲಿ 0 ಇದ್ದ ಹಾಗೆ. ಅಂಥದ್ದು ಒಂದೇ ಇರಲು ಸಾಧ್ಯ ಅಂತ ತೋರಿಸಬೇಕು. ಎರಡು ಇವೆ ಅಂದುಕೊಳ್ಳಿ, ಪ ಮತ್ತು ಫ. ಎರಡನ್ನೂ ಸೇರಿಸಿ: ಪ·ಫ. ಪ ಯಾವುದನ್ನೂ ಬದಲಿಸದು, ಆದ್ದರಿಂದ ಪ·ಫ ಅಂದರೆ ಫ. ಫ ಕೂಡ ಯಾವುದನ್ನೂ ಬದಲಿಸದು, ಆದ್ದರಿಂದ ಪ·ಫ ಅಂದರೆ ಪ. ಹಾಗಾಗಿ ಪ ಮತ್ತು ಫ ಒಂದೇ. ಮುಗಿಯಿತು.

ಈ ನಾಲ್ಕು ಸಾಲು ಓದಿ, ಪುಸ್ತಕ ಮುಚ್ಚಿ, ನಿಮ್ಮದೇ ಮಾತಿನಲ್ಲಿ ಬರೆಯಲು ಆಗುತ್ತದೆ ಅಂದರೆ ನೀವು ಶುರು ಮಾಡಬಹುದು. ಹೊಸ ಪುಸ್ತಕ ಬೇರೆ ಬೇಕಿಲ್ಲ. ಇದು ಏನೋ ಕಣ್ಕಟ್ಟಿನ ಹಾಗೆ ಕಂಡರೆ ಬೇಸರ ಬೇಡ. ಸಾಧನೆ ಬರೆಯುವುದನ್ನೇ ಕಲಿಸುವ ಪುಸ್ತಕಗಳಿವೆ. ರಿಚರ್ಡ್ ಹ್ಯಾಮಕ್ ಅವರ 'ಬುಕ್ ಆಫ್ ಪ್ರೂಫ್' ಅಂತರ್ಜಾಲದಲ್ಲಿ ಲೇಖಕರೇ ಉಚಿತವಾಗಿ ಇಟ್ಟಿದ್ದಾರೆ. ಗಣ, ತರ್ಕ, ಸಮಾನತಾ ಸಂಬಂಧ (ಯಾವುದು ಯಾವುದನ್ನು 'ಒಂದೇ ಥರ' ಅಂತ ಎಣಿಸಿ ಗುಂಪು ಮಾಡುವ ರೀತಿ), ಇಷ್ಟು ಭಾಗ ಮಾಡಿಕೊಂಡು ಬನ್ನಿ. ಅದರಲ್ಲೂ ಸಮಾನತಾ ಸಂಬಂಧವನ್ನು ಬಿಡಬೇಡಿ. ಮುಂದೆ ಮುಗ್ಗರಿಸುವವರಲ್ಲಿ ಜಾಸ್ತಿ ಜನ ಅದನ್ನು ಅರ್ಧ ಮಾಡಿಕೊಂಡು ಬಂದವರೇ.

ಈಗ ಇವತ್ತಿನ ಮುಖ್ಯ ಮಾತಿಗೆ ಬರುತ್ತೇನೆ. ಪುಸ್ತಕದ ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ನಿಂತಾಗ ನಾವೆಲ್ಲ ಮೊದಲ ಅಧ್ಯಾಯ ತೆರೆದು ನೋಡುತ್ತೇವೆ. ಅಲ್ಲಿ ಎಲ್ಲ ಪುಸ್ತಕವೂ ಚೆನ್ನಾಗಿಯೇ ಇರುತ್ತದೆ. ನನ್ನ ಸಲಹೆ, ನೇರವಾಗಿ ಕೋಶೆಂಟ್ ಗ್ರೂಪಿನ ಅಧ್ಯಾಯ ತೆರೆಯಿರಿ. ಅದು ಈಗ ನಿಮಗೆ ಅರ್ಥವಾಗಬೇಕಿಲ್ಲ. ಅಲ್ಲಿ ಲೇಖಕರು ನಿಮ್ಮ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನು ನೋಡಿ.

ಏನು ನೋಡಬೇಕು ಅಂತ ಗೊತ್ತಾಗಲು ಆ ವಿಷಯವನ್ನೇ ಒಂದಿಷ್ಟು ಬಿಡಿಸಿ ತೋರಿಸುತ್ತೇನೆ. 0ಯಿಂದ 11ರವರೆಗಿನ ಸಂಖ್ಯೆಗಳು, ಗಡಿಯಾರದ ಕೂಡುವಿಕೆ, 12ಕ್ಕೆ ಮತ್ತೆ 0. ಇದರೊಳಗೆ 0, 4, 8 ಎಂಬ ಸಣ್ಣ ಗುಂಪು ಇದೆ. ಇವನ್ನು ಇವುಗಳೊಳಗೇ ಕೂಡಿಸಿದರೆ ಹೊರಗೆ ಹೋಗುವುದಿಲ್ಲ. ಇದು ಒಂದು ಸಬ್‌ಗ್ರೂಪ್. ಇದನ್ನು ಒಂದು ಡಬ್ಬಿ ಅನ್ನಿ. ಇದಕ್ಕೆ 1 ಕೂಡಿಸಿದರೆ 1, 5, 9. ಎರಡನೇ ಡಬ್ಬಿ. 2 ಕೂಡಿಸಿದರೆ 2, 6, 10. 3 ಕೂಡಿಸಿದರೆ 3, 7, 11. ಒಟ್ಟು ನಾಲ್ಕು ಡಬ್ಬಿ, ಒಂದೊಂದರಲ್ಲೂ ಮೂರು ಸಂಖ್ಯೆ. ಈ ಡಬ್ಬಿಗಳಿಗೆ ಕೋಸೆಟ್ ಅನ್ನುತ್ತಾರೆ. ಈಗ ಎರಡನೇ ಡಬ್ಬಿಯಿಂದ ಯಾವುದಾದರೂ ಒಂದು, ಮೂರನೇ ಡಬ್ಬಿಯಿಂದ ಯಾವುದಾದರೂ ಒಂದು ತೆಗೆದು ಕೂಡಿಸಿ. 1 ಮತ್ತು 2 ತೆಗೆದರೆ 3. 5 ಮತ್ತು 10 ತೆಗೆದರೆ 15, ಅಂದರೆ 3. 9 ಮತ್ತು 10 ತೆಗೆದರೆ 19, ಅಂದರೆ 7. 3, 7 ಎರಡೂ ನಾಲ್ಕನೇ ಡಬ್ಬಿಯಲ್ಲೇ ಇವೆ. ಯಾವುದನ್ನು ತೆಗೆದರೂ ಉತ್ತರ ಬೀಳುವ ಡಬ್ಬಿ ಒಂದೇ. ಹಾಗಾದರೆ ಸಂಖ್ಯೆ ಬಿಟ್ಟು ಡಬ್ಬಿಗಳನ್ನೇ ಕೂಡಿಸಬಹುದು! ನಾಲ್ಕು ಡಬ್ಬಿಗಳೇ ಸೇರಿ ಒಂದು ಹೊಸ ಗ್ರೂಪ್ ಆದವು. ಅದೇ ಕೋಶೆಂಟ್ ಗ್ರೂಪ್.

ಇಷ್ಟು ಸಲೀಸಾಗಿ ಆಗಿಬಿಟ್ಟರೆ ಅದರಲ್ಲಿ ಏನು ವಿಶೇಷ ಅನ್ನಿಸುತ್ತದೆ. ಈಗ ತ್ರಿಭುಜ ತಗೊಳ್ಳಿ. ಸುಮ್ಮನಿರುವುದು ಮತ್ತು ಮ, ಈ ಎರಡು ಸೇರಿ ಒಂದು ಸಬ್‌ಗ್ರೂಪ್. ಎರಡು ಸಲ ಮಗುಚಿದರೆ ಮೊದಲಿನ ಹಾಗೇ ಆಗುತ್ತದಲ್ಲ, ಅದಕ್ಕೆ. ಇದು ಮೊದಲ ಡಬ್ಬಿ. ಮೊದಲು ಒಂದು ಸಲ ತಿರುಗಿಸಿ ಆಮೇಲೆ ಇವನ್ನು ಮಾಡಿದರೆ ಎರಡನೇ ಡಬ್ಬಿ: 'ತಿ' ಮತ್ತು 'ತಿ ಮ'. ಮೊದಲು ಎರಡು ಸಲ ತಿರುಗಿಸಿ ಆಮೇಲೆ ಮಾಡಿದರೆ ಮೂರನೇ ಡಬ್ಬಿ: 'ತಿ ತಿ' ಮತ್ತು 'ತಿ ತಿ ಮ'. ಮೂರು ಡಬ್ಬಿ, ಎರಡೆರಡು ಕೆಲಸ. ಅಚ್ಚುಕಟ್ಟಾಗಿದೆ.

ಈಗ ಎರಡನೇ ಡಬ್ಬಿಯನ್ನು ಎರಡನೇ ಡಬ್ಬಿಯ ಜೊತೆಗೇ ಸೇರಿಸೋಣ. ಎರಡೂ ಕಡೆಯಿಂದ 'ತಿ' ತೆಗೆದರೆ, ತಿರುಗಿಸಿ ತಿರುಗಿಸುವುದು. ಉತ್ತರ ಮೂರನೇ ಡಬ್ಬಿಯಲ್ಲಿದೆ. ಮೊದಲು 'ತಿ ಮ', ಆಮೇಲೆ 'ತಿ' ತೆಗೆದರೆ? ಕಾಗದದಲ್ಲಿ ಮಾಡಿ. ಅ ಮೇಲೆ ಇಟ್ಟು ತಿರುಗಿಸಿ: ಮೇಲೆ ಕ, ಬಲಕ್ಕೆ ಅ, ಎಡಕ್ಕೆ ಬ. ಮಗುಚಿ: ಮೇಲೆ ಕ, ಬಲಕ್ಕೆ ಬ, ಎಡಕ್ಕೆ ಅ. ಇನ್ನೊಮ್ಮೆ ತಿರುಗಿಸಿ: ಮೇಲೆ ಅ, ಬಲಕ್ಕೆ ಕ, ಎಡಕ್ಕೆ ಬ. ಇದೇನು? ಸುಮ್ನೆ ಒಂದು ಸಲ ಮಗುಚಿದರೆ ಆಗುವುದೂ ಇದೇ. ಅಂದರೆ ಉತ್ತರ ಮೊದಲ ಡಬ್ಬಿಗೆ ಬಂತು. ಅದೇ ಡಬ್ಬಿಗಳಿಂದ ತೆಗೆದದ್ದು, ಒಮ್ಮೆ ಉತ್ತರ ಮೂರನೆಯದರಲ್ಲಿ, ಒಮ್ಮೆ ಮೊದಲನೆಯದರಲ್ಲಿ. ಡಬ್ಬಿಗಳನ್ನು ಸೇರಿಸುವ ಲೆಕ್ಕ ಇಲ್ಲಿ ಮುರಿದು ಬಿತ್ತು.

ಅದೇ ತ್ರಿಭುಜದಲ್ಲಿ ಬೇರೆ ಸಬ್‌ಗ್ರೂಪ್ ಹಿಡಿಯಿರಿ. ಬರೀ ತಿರುಗಿಸುವ ಮೂರು ಕೆಲಸ ಒಂದು ಡಬ್ಬಿ, ಮಗುಚುವುದು ಸೇರಿರುವ ಮೂರು ಕೆಲಸ ಇನ್ನೊಂದು ಡಬ್ಬಿ. ಮಗುಚಿ ಮಗುಚಿದರೆ ತಿರುಗಿಸುವ ಡಬ್ಬಿಗೇ ಬರುತ್ತದೆ, ಯಾವುದನ್ನು ತೆಗೆದರೂ. ಬೆಸ ಬೆಸ ಕೂಡಿದರೆ ಸಮ ಬಂದ ಹಾಗೆ. ಈ ಸಲ ಲೆಕ್ಕ ಮುರಿಯುವುದಿಲ್ಲ. ಮುರಿಯದೆ ಉಳಿಯುವ ಇಂಥ ಸಬ್‌ಗ್ರೂಪಿಗೆ 'ನಾರ್ಮಲ್' ಅಂತ ಹೆಸರು. ನನ್ನ ಎರಡು ವರ್ಷ ತಿಂದ ಆ ಪದದ ಹಿಂದೆ ಇರುವುದು ಇಷ್ಟೇ. ಇದನ್ನು ಕಾಗದದಲ್ಲಿ ಮಾಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದ ಕೆಲಸ ನನ್ನ ಪುಸ್ತಕದಲ್ಲೂ ಇತ್ತು, ನಾನು ಬಿಟ್ಟುಹೋದ ಅಭ್ಯಾಸದ ಲೆಕ್ಕಗಳೊಳಗೆ.

ಈಗ ಅಂಗಡಿಯಲ್ಲಿ ಪುಸ್ತಕ ಹಿಡಿದು ನಿಂತಾಗ ಏನು ನೋಡಬೇಕು ಅಂತ ಗೊತ್ತಾಯಿತಲ್ಲ. ಲೆಕ್ಕ ಮುರಿಯುವ ಉದಾಹರಣೆ ಎಲ್ಲಿದೆ? ವ್ಯಾಖ್ಯೆಗೆ ಮೊದಲೇ ಇದೆಯೋ, ಆಮೇಲಿದೆಯೋ, ನಿಮಗೇ ಮಾಡಲು ಬಿಟ್ಟಿದ್ದಾರೋ, ಇಲ್ಲವೇ ಇಲ್ಲವೋ? ಮೊದಲೇ ತೋರಿಸುವ ಪುಸ್ತಕ ನಿಮ್ಮ ಕೈ ಹಿಡಿದು ನಡೆಸುತ್ತದೆ. ಲೆಕ್ಕಗಳಲ್ಲಿ ಇಟ್ಟಿರುವ ಪುಸ್ತಕ ನಿಮ್ಮಿಂದ ಕೆಲಸ ಕೇಳುತ್ತದೆ. ಎರಡೂ ಒಳ್ಳೆಯವೇ. ನೀವು ಯಾವುದಕ್ಕೆ ತಯಾರಿದ್ದೀರಿ ಅನ್ನುವುದು ಪ್ರಶ್ನೆ.

ಇನ್ನು ಹೆಸರುಗಳು. ಎಲ್ಲ ಪುಸ್ತಕಗಳನ್ನೂ ಒಂದೇ ಸಮ ಹೊಗಳುವುದಿಲ್ಲ, ನನ್ನ ಒಲವು ನಿಮಗೆ ಕಾಣುತ್ತದೆ.

ಒಬ್ಬರೇ ಕಲಿಯುವವರಿಗೆ ನಾನು ಮೊದಲು ತೋರಿಸುವುದು ಚಾರ್ಲ್ಸ್ ಪಿಂಟರ್ ಅವರ 'ಎ ಬುಕ್ ಆಫ್ ಅಬ್‌ಸ್ಟ್ರಾಕ್ಟ್ ಆಲ್ಜೀಬ್ರಾ'. ಅಧ್ಯಾಯಗಳು ಚಿಕ್ಕವು, ಒಂದು ಸಂಜೆಗೆ ಒಂದು ಓದಿ ಮುಗಿಸಬಹುದು. ಆದರೆ ಓದಿದರೆ ಅರ್ಧ ಪುಸ್ತಕವೂ ಆಗಲಿಲ್ಲ. ಪಿಂಟರ್ ಪಾಠವನ್ನು ಲೆಕ್ಕಗಳೊಳಗೆ ಇಟ್ಟಿದ್ದಾರೆ. ಲೆಕ್ಕಗಳನ್ನು ಸಣ್ಣ ಸಣ್ಣ ಗುಂಪು ಮಾಡಿ, ಒಂದೊಂದು ಗುಂಪಿಗೂ ಒಂದು ತಲೆಬರಹ ಕೊಟ್ಟಿದ್ದಾರೆ. ಮೊದಲ ಲೆಕ್ಕ ಸುಲಭ, ಎರಡನೆಯದಕ್ಕೆ ಮೊದಲನೆಯದು ಬೇಕು, ಮೂರನೆಯದಕ್ಕೆ ಎರಡನೆಯದು. ಮೆಟ್ಟಿಲು ಹತ್ತಿ ಮೇಲೆ ಹೋಗಿ ನೋಡಿದರೆ ನೀವೇ ಒಂದು ಪ್ರಮೇಯ ಸಾಧಿಸಿರುತ್ತೀರಿ. ಮೇಷ್ಟ್ರಿಲ್ಲದ ಮನೆಯಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಕೋಶೆಂಟ್‌ಗೆ ಬರುವ ಮೊದಲು ಅವರು ಹೋಮೋಮಾರ್ಫಿಸಂ, ಅಂದರೆ ಒಂದು ಗ್ರೂಪಿನ ಕಟ್ಟನ್ನು ಇನ್ನೊಂದರೊಳಗೆ ಕೆಡಿಸದೆ ಸಾಗಿಸುವ ದಾರಿ, ಅದನ್ನು ಹೇಳುತ್ತಾರೆ. ಈ ಕ್ರಮ ನನಗೆ ಹಿಡಿಸಿತು.

ಜೋಸೆಫ್ ಗ್ಯಾಲಿಯನ್ ಅವರ ಪುಸ್ತಕದಲ್ಲಿ ಆ ಕ್ರಮ ಉಲ್ಟಾ, ಕೋಶೆಂಟ್ ಮೊದಲು. ಅಲ್ಲಿ ಉದಾಹರಣೆಗಳು ತುಂಬಿ ತುಳುಕುತ್ತವೆ. ಚೌಕವನ್ನು ತಿರುಗಿಸಿ ಮಗುಚುವುದರಿಂದಲೇ ಗ್ರೂಪಿನ ಮಾತು ಶುರು. ನಡುನಡುವೆ ಗಣಿತಜ್ಞರ ಬದುಕಿನ ಬಗ್ಗೆ ಪುಟ್ಟ ಬರಹಗಳಿವೆ. ಸಾಧನೆ ಬರೆಯಲು ಇನ್ನೂ ಅಳುಕು ಇರುವವರು, ಲೆಕ್ಕ ಹಾಕಿ ಹಾಕಿ ಧೈರ್ಯ ತಂದುಕೊಳ್ಳುವವರು ಇದನ್ನು ಹಿಡಿಯಲಿ.

ದುಡ್ಡು ಖರ್ಚು ಮಾಡದೆ ಶುರು ಮಾಡಬೇಕು ಅನ್ನುವವರಿಗೆ ಥಾಮಸ್ ಜಡ್ಸನ್ ಅವರ ಪುಸ್ತಕ ಇದೆ. ಲೇಖಕರೇ ಮುಕ್ತವಾಗಿ ಕೊಟ್ಟಿದ್ದಾರೆ, ಕಾಯ್ದೆ ಪ್ರಕಾರವೇ ಉಚಿತ. ಸೇಜ್ ಎಂಬ ಉಚಿತ ಗಣಿತ ತಂತ್ರಾಂಶದ ಅಭ್ಯಾಸಗಳೂ ಅದರೊಳಗೇ ಇವೆ. ಗುಪ್ತಲಿಪಿ, ತಪ್ಪು ತಿದ್ದುವ ಸಂಕೇತಗಳು ಇಂಥ ಬಳಕೆಗಳನ್ನೂ ಹೇಳುತ್ತದೆ. ಪ್ರೋಗ್ರಾಮಿಂಗ್ ಕಡೆಯಿಂದ ಬಂದವರಿಗೆ ಇದು ಬೇಗ ಒಗ್ಗುತ್ತದೆ.

ನೇಥನ್ ಕಾರ್ಟರ್ ಅವರ 'ವಿಶುಯಲ್ ಗ್ರೂಪ್ ಥಿಯರಿ', 2009ರದ್ದು, ಬೇರೆಯೇ ಜಾತಿ. ಪುಟಪುಟದಲ್ಲೂ ಚಿತ್ರ. ಗ್ರೂಪನ್ನು ಬಾಣಗಳ ಜಾಲವಾಗಿ ಬಿಡಿಸಿ ತೋರಿಸುತ್ತಾರೆ. ಇದನ್ನು ಒಂದೇ ಪುಸ್ತಕವಾಗಿ ಇಟ್ಟುಕೊಳ್ಳಬೇಡಿ, ಸಾಧನೆ ಬರೆಯುವ ಅಭ್ಯಾಸ ಇದರಿಂದ ಸಾಲದು, ರಿಂಗ್‌ಗಳ ಪಾಠಕ್ಕೂ ಬೇರೆ ಪುಸ್ತಕ ಬೇಕು. ಪಕ್ಕದಲ್ಲಿ ಇಟ್ಟುಕೊಳ್ಳಿ. ಡಬ್ಬಿಗಳ ಲೆಕ್ಕ ಮುರಿಯುವುದನ್ನು ಕಣ್ಣಿಂದ ನೋಡಬೇಕು ಅಂದರೆ ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಮೈಕಲ್ ಆರ್ಟಿನ್ ಅವರ 'ಆಲ್ಜೀಬ್ರಾ' ನನಗೆ ತುಂಬಾ ಪ್ರೀತಿಯ ಪುಸ್ತಕ. ಆಗ ಹೇಳಿದ ಎಮಿಲ್ ಆರ್ಟಿನ್ ಅವರ ಮಗ ಇವರು. ಪುಸ್ತಕ ಶುರುವಾಗುವುದು ಮ್ಯಾಟ್ರಿಕ್ಸ್‌ಗಳಿಂದ. ಲೀನಿಯರ್ ಆಲ್ಜೀಬ್ರಾ ಚೆನ್ನಾಗಿ ಗೊತ್ತಿದ್ದರೆ ಇದನ್ನೇ ಹಿಡಿಯಿರಿ. ಗೊತ್ತಿಲ್ಲದಿದ್ದರೆ ಈಗ ಬೇಡ. ಇದನ್ನೇ ಇಟ್ಟುಕೊಂಡು ಬೆನೆಡಿಕ್ಟ್ ಗ್ರಾಸ್ ಅವರು 2003ರಲ್ಲಿ ಹಾರ್ವರ್ಡ್‌ನಲ್ಲಿ ಮಾಡಿದ ಪಾಠಗಳ ವಿಡಿಯೋಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಒಬ್ಬ ದೊಡ್ಡ ಗಣಿತಜ್ಞ ಬೋರ್ಡಿನ ಮುಂದೆ ನಿಂತು, ಖುಷಿಯಿಂದ, ಅವಸರ ಇಲ್ಲದೆ ಹೇಳಿಕೊಡುವುದನ್ನು ನೋಡುವುದೇ ಒಂದು ಭಾಗ್ಯ.

ಹರ್ಸ್ಟೈನ್ ಅವರ 1964ರ 'ಟಾಪಿಕ್ಸ್ ಇನ್ ಆಲ್ಜೀಬ್ರಾ' ಹಳೆಯ ಪುಸ್ತಕ, ಆದರೆ ಅದರ ಲೆಕ್ಕಗಳು ಇನ್ನೂ ಹೊಸದಾಗಿಯೇ ಇವೆ. ಎರಡನೇ ಸುತ್ತಿಗೆ ಇಟ್ಟುಕೊಳ್ಳಿ. ಡಮಿಟ್ ಮತ್ತು ಫುಟ್ ಅವರದ್ದು 900 ಪುಟ ದಾಟುತ್ತದೆ. ಏನೇ ಅನುಮಾನ ಬಂದರೂ ತೆರೆದು ನೋಡಲು ಅದರಷ್ಟು ಒಳ್ಳೆಯದಿಲ್ಲ, ಮೊದಲ ಪುಟದಿಂದ ಕೊನೆಯ ತನಕ ಒಬ್ಬರೇ ಓದಲು ಹೊರಟರೆ ಮಾತ್ರ ದಣಿವಾಗುತ್ತದೆ. ಸರ್ಜ್ ಲ್ಯಾಂಗ್ ಅವರದ್ದು ಮುಂದಿನ ಹಂತದವರಿಗೆ. ಅದನ್ನು ಮೊದಲ ಪುಸ್ತಕ ಮಾಡಿಕೊಳ್ಳಿ ಅಂತ ಯಾರಾದರೂ ಹೇಳಿದರೆ ನಯವಾಗಿ ತಲೆಯಾಡಿಸಿ, ಪಿಂಟರ್ ತಗೊಳ್ಳಿ.

ಇನ್ನೊಂದು ಮಾತು ಇಲ್ಲಿ ಸೇರಿಸಬೇಕು. ಗ್ರೂಪಿನಿಂದಲೇ ಶುರು ಮಾಡಬೇಕು ಅಂತ ಕಟ್ಟಳೆ ಏನಿಲ್ಲ. ಥಾಮಸ್ ಹಂಗರ್‌ಫರ್ಡ್ ಅವರ ಪರಿಚಯ ಪುಸ್ತಕ ಪೂರ್ಣಾಂಕಗಳಿಂದ ಹೊರಟು ಮೊದಲು ರಿಂಗ್‌ಗಳಿಗೆ ಹೋಗುತ್ತದೆ, ಗ್ರೂಪ್ ಆಮೇಲೆ. ಕೂಡುವುದು, ಗುಣಿಸುವುದು ಎರಡೂ ಇರುವ ಲೋಕ ನಮಗೆ ಚಿಕ್ಕಂದಿನಿಂದ ಪರಿಚಯ. ಪೂರ್ಣಾಂಕಗಳಲ್ಲಿ ಭಾಗಿಸಿ ಶೇಷ ಕಂಡುಹಿಡಿಯುವ ರೀತಿಯೇ ಬಹುಪದೋಕ್ತಿಗಳಲ್ಲೂ ನಡೆಯುತ್ತದೆ ಅಂತ ಗೊತ್ತಾದಾಗ ಆಗುವ ಸಂತೋಷ ದೊಡ್ಡದು. ಸಂಖ್ಯೆಗಳ ಹುಚ್ಚು ಇದ್ದವರು ಈ ದಾರಿ ಹಿಡಿಯಲಿ. ಆಕಾರಗಳನ್ನು, ಒಗಟುಗಳನ್ನು ಇಷ್ಟಪಡುವವರು ಗ್ರೂಪಿನಿಂದ ಬರಲಿ.

ವಿಡಿಯೋಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೋಕ್ರಾಟಿಕಾದಂಥ ವಾಹಿನಿಗಳ ಚಿಕ್ಕ ವಿಡಿಯೋಗಳು ಒಂದು ಪದದ ಪರಿಚಯಕ್ಕೆ ಬಹಳ ಚೆನ್ನಾಗಿವೆ. ಒಂದು ನಿಯಮ ಮಾತ್ರ ಇಟ್ಟುಕೊಳ್ಳಿ: ಪ್ರಮೇಯದ ಹೇಳಿಕೆ ಮುಗಿದ ಕೂಡಲೇ ವಿಡಿಯೋ ನಿಲ್ಲಿಸಿ, ಹತ್ತು ನಿಮಿಷ ನೀವೇ ಪ್ರಯತ್ನಿಸಿ. ಆಗದಿದ್ದರೂ ಪರವಾಗಿಲ್ಲ. ಎಲ್ಲಿ ಸಿಕ್ಕಿಬಿದ್ದಿರಿ ಅಂತ ಗೊತ್ತಿದ್ದು ನೋಡುವುದೇ ಬೇರೆ, ಗೊತ್ತಿಲ್ಲದೆ ನೋಡುವುದೇ ಬೇರೆ.

ಆಮೇಲೆ ಒಂದು ನೋಟ್‌ಬುಕ್. ಪುಸ್ತಕ ಇಂಗ್ಲಿಷಿನಲ್ಲಿದ್ದರೂ ನಿಮ್ಮ ಟಿಪ್ಪಣಿ ಕನ್ನಡದಲ್ಲಿರಲಿ. ಪುಸ್ತಕದ ವಾಕ್ಯವನ್ನು ಇಂಗ್ಲಿಷಿನಲ್ಲೇ ಇಳಿಸಿಕೊಂಡರೆ ಅರ್ಥವಾಗದೆಯೂ ಬರೆಯಬಹುದು. ಕನ್ನಡದಲ್ಲಿ ಬರೆಯಲು ಹೋದರೆ "ಯಾವುದನ್ನು ತೆಗೆದರೂ" ಅನ್ನಬೇಕೋ "ಯಾವುದೋ ಒಂದನ್ನು ತೆಗೆದರೆ" ಅನ್ನಬೇಕೋ ಅಂತ ಯೋಚಿಸಲೇಬೇಕು. ಈ ಗಣಿತದ ಅರ್ಧ ಜೀವ ಆ ವ್ಯತ್ಯಾಸದಲ್ಲಿದೆ.

ಸಭಿಕರ ಪ್ರಶ್ನೆಗಳು

ಒಬ್ಬರು ಕೇಳಿದರು: "ನಾನು ಬರೆದ ಸಾಧನೆ ಸರಿಯೋ ತಪ್ಪೋ ಅಂತ ನನಗೆ ಹೇಗೆ ಗೊತ್ತಾಗಬೇಕು? ನೋಡಿ ಹೇಳುವವರು ಯಾರೂ ಇಲ್ಲವಲ್ಲ."

ಒಬ್ಬರೇ ಕಲಿಯುವವರ ನಿಜವಾದ ಕಷ್ಟ ಇದೇ. ನಾನು ಮಾಡುವುದು ಹೀಗೆ. ಬರೆದದ್ದನ್ನು ಎರಡು ದಿನ ಮುಚ್ಚಿಡುತ್ತೇನೆ. ಆಮೇಲೆ ಗಟ್ಟಿಯಾಗಿ ಓದುತ್ತೇನೆ, ಎದುರಿಗೆ ಯಾರೋ ಕೂತು "ಯಾಕೆ?" ಅಂತ ಕೇಳುತ್ತಿದ್ದಾರೆ ಅಂದುಕೊಂಡು. ಪ್ರಮೇಯದಲ್ಲಿ ಕೊಟ್ಟ ಪ್ರತಿಯೊಂದು ಷರತ್ತನ್ನೂ ಎಲ್ಲಿ ಬಳಸಿದೆ ಅಂತ ಗುರುತು ಹಾಕುತ್ತೇನೆ. ಒಂದು ಷರತ್ತು ಬಳಸದೇ ಸಾಧನೆ ಮುಗಿದಿದ್ದರೆ ಎಚ್ಚರ. ಇನ್ನೊಂದು ಉಪಾಯ, ಬರೆದದ್ದನ್ನು ಗೊತ್ತಿರುವ ಗ್ರೂಪಿನ ಮೇಲೆ ನಡೆಸಿ ನೋಡುವುದು. ಸಬ್‌ಗ್ರೂಪಿನ ಸದಸ್ಯರ ಸಂಖ್ಯೆ ಇಡೀ ಗ್ರೂಪಿನ ಸಂಖ್ಯೆಯನ್ನು ಭಾಗಿಸುತ್ತದೆ, ಇದು ಲಗ್ರಾಂಜ್ ಹೆಸರಿನ ಪ್ರಮೇಯ. ಇದನ್ನು ಉಲ್ಟಾ ಮಾಡಿ, ಭಾಗಿಸುವ ಪ್ರತಿ ಸಂಖ್ಯೆಗೂ ಒಂದು ಸಬ್‌ಗ್ರೂಪ್ ಇದ್ದೇ ಇರುತ್ತದೆ ಅಂತ ನಾನೊಮ್ಮೆ 'ಸಾಧಿಸಿದ್ದೆ'. ಅರ್ಧ ಪುಟದ ಸಾಧನೆ, ನೋಡಲು ಚೆನ್ನಾಗಿತ್ತು. ಆದರೆ ನಾಲ್ಕು ವಸ್ತುಗಳ ಸಮ ಜೋಡಣೆಗಳ (ಎರಡೆರಡನ್ನು ಅದಲುಬದಲು ಮಾಡುವುದನ್ನು ಸಮ ಸಂಖ್ಯೆಯ ಸಲ ಮಾಡಿದರೆ ಸಿಗುವ ಜೋಡಣೆಗಳ) ಗ್ರೂಪಿನಲ್ಲಿ 12 ಸದಸ್ಯರಿದ್ದಾರೆ, ಅದರಲ್ಲಿ 6 ಸದಸ್ಯರ ಸಬ್‌ಗ್ರೂಪ್ ಇಲ್ಲವೇ ಇಲ್ಲ. ಆ ಒಂದು ಉದಾಹರಣೆಯ ಮೇಲೆ ನನ್ನ ಸಾಧನೆಯನ್ನು ಸಾಲು ಸಾಲಾಗಿ ನಡೆಸಿ ನೋಡಿದಾಗ ಮೂರನೇ ಸಾಲಿನಲ್ಲೇ ತೂತು ಕಂಡಿತು. ಬರೆದದ್ದನ್ನೆಲ್ಲ ಹೀಗೆ ಒಂದು ಗೊತ್ತಿರುವ ಗ್ರೂಪಿನ ಮೇಲೆ ನಡೆಸಿ ನೋಡಿ. ಅದಕ್ಕಾಗಿ ತ್ರಿಭುಜದ 6, ಚೌಕದ 8, ಈ 12, ಇಷ್ಟು ಗ್ರೂಪ್‌ಗಳು ನಿಮಗೆ ಮನೆಮಂದಿಯಷ್ಟು ಪರಿಚಯ ಆಗಬೇಕು.

ಇನ್ನೊಬ್ಬರು: "ಎಐ ಚಾಟ್‌ಬಾಟ್ ಕೇಳಬಹುದಾ?"

ಕೇಳಬಹುದು, ಕೇಳುವ ರೀತಿ ಮುಖ್ಯ. ಸಾಧನೆ ಬರೆದುಕೊಡು ಅಂದರೆ ನಿಮ್ಮ ಕೆಲಸ ಅದು ಮಾಡಿದ ಹಾಗಾಯಿತು, ಅದೂ ತಪ್ಪಿರಬಹುದು. ನಿಮ್ಮ ಸಾಧನೆ ಕೊಟ್ಟು ಇದರಲ್ಲಿ ತೂತು ಎಲ್ಲಿದೆ ಹೇಳು ಅನ್ನಿ. ಅದು ಹೇಳಿದ್ದು ನಿಜವೋ ಅಂತ ನೀವೇ ಪರೀಕ್ಷಿಸಿ. ಆಗ ಅದರ ಮಾತು ಸರಿಯಿದ್ದರೂ ಲಾಭ, ತಪ್ಪಿದ್ದರೂ ಲಾಭ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳು ಕೊನೆಯದಾಗಿ ಕೇಳಿದಳು: "ನಾನು ಮೂರು ವಾರದಿಂದ ಅದೇ ಕೋಶೆಂಟ್ ಅಧ್ಯಾಯದಲ್ಲಿ ನಿಂತಿದ್ದೇನೆ ಸರ್. ಪುಸ್ತಕ ಬದಲಾಯಿಸಲಾ?"

ಬದಲಾಯಿಸಬೇಡಮ್ಮ. ಪುಸ್ತಕ ಬದಲಾಯಿಸಿದರೆ ಮತ್ತೆ ಮೊದಲ ಅಧ್ಯಾಯದಿಂದ ಶುರು ಮಾಡುತ್ತೀಯ, ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತೀಯ. ಅದೊಂದು ಅಧ್ಯಾಯವನ್ನು ಮಾತ್ರ ಬೇರೆ ಪುಸ್ತಕದಿಂದ ಓದು. ಕಾರ್ಟರ್ ಸಿಕ್ಕರೆ ಅಲ್ಲಿನ ಚಿತ್ರ ನೋಡು. ಆಮೇಲೆ ನಿನ್ನ ಪುಸ್ತಕಕ್ಕೇ ವಾಪಸ್ ಬಾ. ಅದಕ್ಕೂ ಮೊದಲು, ಕೈಯಲ್ಲಿರುವ ತ್ರಿಭುಜ ಮನೆಗೆ ತಗೊಂಡು ಹೋಗು. ಇವತ್ತು ಎರಡನೇ ಡಬ್ಬಿಯನ್ನು ಎರಡನೇ ಡಬ್ಬಿಯ ಜೊತೆ ಸೇರಿಸಿದೆವು. ಎರಡನೆಯದನ್ನು ಮೂರನೆಯದರ ಜೊತೆ ಸೇರಿಸಿದರೆ ಏನಾಗುತ್ತದೆ ಅಂತ ನಾನು ತೋರಿಸಲಿಲ್ಲ. ನಾಲ್ಕು ಜೋಡಿಗಳಿವೆ. ನಾಲ್ಕನ್ನೂ ಮಾಡಿ, ಒಂದೊಂದರ ಉತ್ತರ ಯಾವ ಡಬ್ಬಿಯಲ್ಲಿ ಬಿತ್ತು ಅಂತ ಬರೆದುಕೊ.